ಏಳು ಡಿಗ್ರಿಯ ನಡಿಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟು ದಿನ ನಾನು ಇಲ್ಲದ ಸಕ್ಕರೆ ಕಾಯಿಲೆಗೆ ಉಪಚಾರ ಮಾಡಿದೆ. ಕಾಯಿಲೆ ನನ್ನದಲ್ಲ, ಗಿರಕಿಯಣ್ಣನದು. ಅವರಿಗೂ ಅದು ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನಮ್ಮ ಪ್ರಯೋಗಾಲಯದ ಹಿಂಬದಿಯಲ್ಲಿ ಹದಿನಾಲ್ಕು ಹೆಜ್ಜೆ ಉದ್ದದ ಒಂದು ಕಾರಿಡಾರ್ ಇದೆ. ಒಂದು ತುದಿಗೆ ದಪ್ಪನೆಯ ಕಬ್ಬಿಣದ ಬಾಗಿಲು, ಇನ್ನೊಂದು ತುದಿಗೆ ಯಂತ್ರಗಳನ್ನಿಟ್ಟ ಸಣ್ಣ ಕೋಣೆ. ಮೊದಲ ದಿನ ನಾನು ಹೋದಾಗ, ಐವತ್ತೈದು ದಾಟಿದ ಸಪೂರ ಮನುಷ್ಯರೊಬ್ಬರು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಊಟವಾದ ಮೇಲೆ ಹೋದಾಗಲೂ ನಡೆಯುತ್ತಿದ್ದರು. ಸಂಜೆ ಮರೆತ ಕೊಡೆಗೆಂದು ವಾಪಸ್ ಬಂದೆ, ಆಗಲೂ ನಡೆಯುತ್ತಲೇ ಇದ್ದರು. ಪಾಪ, ಡಾಕ್ಟರು ಹೇಳಿರಬೇಕು ಅಂದುಕೊಂಡೆ. ಒಬ್ಬರೇ ನಡೆಯುವುದು ಬೇಜಾರಿನ ಕೆಲಸ. ಹೊಸ ಜಾಗದಲ್ಲಿ ಒಳ್ಳೆಯವನೆನ್ನಿಸಿಕೊಳ್ಳುವ ಆಸೆ ಬೇರೆ ನನಗೆ. ಮರುದಿನದಿಂದ ಬಿಡುವು ಸಿಕ್ಕಾಗಲೆಲ್ಲ ಅವರ ಪಕ್ಕದಲ್ಲಿ ನಾನೂ ಹೆಜ್ಜೆ ಹಾಕತೊಡಗಿದೆ. ಬರಿಗಾಲಲ್ಲಿ ನಡೆದರೆ ಇನ್ನೂ ಒಳ್ಳೆಯದು, ಸಿಹಿ ಕಡಿಮೆ ಮಾಡಿ, ನಮ್ಮ ದೊಡ್ಡಪ್ಪನಿಗೂ ಇದೇ ತೊಂದರೆಯಿತ್ತು, ಈಗ ಗುಂಡುಕಲ್ಲಿನ ಹಾಗಿದ್ದಾರೆ ಎಂದೆಲ್ಲ ಧೈರ್ಯ ಹೇಳಿದೆ. ಅವರು ಒಂದಕ್ಕೂ ಎದುರಾಡಲಿಲ್ಲ. ‘ಹ್ಞೂಂ’ ಅನ್ನುತ್ತ ನನ್ನನ್ನು ಒಂಥರಾ ಕನಿಕರದಿಂದ ನೋಡುತ್ತಿದ್ದರು.

ಎಂಟನೆಯ ದಿನ ನಡೆಯುತ್ತಿದ್ದವರು ನಿಂತರು.

“ತಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಶುಗರ್ ಎಷ್ಟಿದೆ ನಿಂಗೆ?”

“ನನಗಾ? ನನಗೇನಿಲ್ಲ. ನಿಮಗಲ್ವಾ ಇರೋದು?”

“ನಂಗ್ಯಾಕಿರುತ್ತೆ? ಇಷ್ಟು ಚಿಕ್ಕ ವಯಸ್ಸಿಗೇ ಇವನಿಗೆ ಈ ಗತಿ ಬಂತಲ್ಲಾ, ಒಬ್ನೇ ನಡೆಯೋಕೆ ನಾಚ್ಕೊಂಡು ನನ್ ಜೊತೆ ಬರ್ತಾನೆ ಅಂತ ಸುಮ್ನಿದ್ದೆ. ನಿಮ್ಮತ್ತಿಗೆ ಹತ್ರಾನೂ ಹೇಳ್ದೆ. ನಾಲ್ಕು ದಿನದಿಂದ ನಿಂಗೋಸ್ಕರ ಸಕ್ಕರೆ ಹಾಕ್ದೆ ಟೀ ಕಳಿಸ್ತಿದ್ದಾಳೆ ಅವಳು.”

ಅವರ ಫ್ಲಾಸ್ಕಿನ ಟೀ ಯಾಕೆ ಕಷಾಯದ ಹಾಗಿರುತ್ತಿತ್ತೆಂದು ಆಗ ಗೊತ್ತಾಯಿತು. ಅತ್ತಿಗೆಯ ಕೈರುಚಿಯೇ ಹಾಗೆ ಅಂದುಕೊಂಡು ಹೊಗಳಿಯೂ ಬಿಟ್ಟಿದ್ದೆ. ಈ ಎಂಟು ದಿನದ ನಡಿಗೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಅದು ನನ್ನ ಕೊರಳಿಗೇ ಬಂತು.

ಗಿರಕಿಯಣ್ಣ ಎನ್ನುವುದು ಅವರ ಬೆನ್ನ ಹಿಂದಿನ ಹೆಸರು. ಎದುರಿಗೆ ಎಲ್ಲರಿಗೂ ಅವರು ಅಣ್ಣ. ಇಪ್ಪತ್ತೇಳು ವರ್ಷದಿಂದ ಅವರಿಗೆ ಒಂದೇ ಕೆಲಸ: ರೇಡಿಯೋ ಅಲೆ ಎಲ್ಲಿಂದ ಬಂತು ಎಂದು ಹೇಳುವ ಯಂತ್ರಗಳು ನಿಜ ಹೇಳುತ್ತಿವೆಯೋ ಇಲ್ಲವೋ ಎಂದು ಅಳೆಯುವುದು. ಈ ಯಂತ್ರಕ್ಕೆ ಹೆಬ್ಬೆರಳು ಗಾತ್ರದ ನಾಲ್ಕು ಆಂಟೆನಾಗಳು ಸಾಲಾಗಿರುತ್ತವೆ. ಅಲೆ ನೇರ ಎದುರಿನಿಂದ ಬಂದರೆ ನಾಲ್ಕನ್ನೂ ಒಟ್ಟಿಗೇ ಮುಟ್ಟುತ್ತದೆ. ಓರೆಯಾಗಿ ಬಂದರೆ ಒಂದನ್ನು ಮೊದಲು ಮುಟ್ಟಿ, ಪಕ್ಕದ್ದನ್ನು ತುಸು ತಡವಾಗಿ ಮುಟ್ಟುತ್ತದೆ. ಆ ತಡವನ್ನು ಡಿಗ್ರಿಯಲ್ಲಿ ಹೇಳಿದರೆ ಅದೇ ಫೇಸ್ ವ್ಯತ್ಯಾಸ. ಅದು ಸಿಕ್ಕರೆ ದಿಕ್ಕು ಸಿಕ್ಕಿತು. ನಾನು ಕಾಲೇಜಿನಲ್ಲಿ ಇದನ್ನೇ ಎರಡು ಪುಟ ಬರೆದು ಪಾಸಾಗಿದ್ದೆ, ಅರ್ಥವಾಗಿದ್ದು ಮಾತ್ರ ಆ ಕಾರಿಡಾರಿನಲ್ಲಿ.

“ಅಲೆ ಉದ್ದ ಮೂರು ಸೆಂಟಿಮೀಟರ್ ಚಿಲ್ರೆ,” ಅಂದರು ನಡೆಯುತ್ತಲೇ. “ಅದನ್ನ ಮುನ್ನೂರರವತ್ತು ತುಂಡು ಮಾಡು. ಒಂದು ತುಂಡು ಒಂದು ಡಿಗ್ರಿ. ಎಷ್ಟಿರುತ್ತೆ ಅದು?”

“ತುಂಬಾ ಚಿಕ್ಕದು ಅಣ್ಣ.”

“ತುಂಬಾ ಚಿಕ್ಕದು ಅಂತ ಬರ್ಕೊಂಡ್ರೆ ಸಂಬಳ ಕೊಡ್ತಾರಾ? ನಿನ್ ತಲೇಲಿ ಇನ್ನೂ ಉಳ್ಕೊಂಡಿದ್ಯಲ್ಲ, ಅದರಲ್ಲಿ ಒಂದು ಕೂದಲ ದಪ್ಪ. ಕೇಬಲ್ ಒಳಗೆ ಒಂದು ಕೂದಲಷ್ಟು ಆಚೀಚೆ ಆದ್ರೆ ಒಂದು ಡಿಗ್ರಿ ಸುಳ್ಳು.”

ಕೂದಲೆಳೆಯ ಲೆಕ್ಕದ ಈ ಮನುಷ್ಯನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹುಡುಗನಾಗಿದ್ದಾಗ ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದರಂತೆ. ಆ ಬೀದಿಯ ರೇಡಿಯೋಗಳಲ್ಲಿ ದಿನಾ ಸಂಜೆಯಾದರೆ ಗೊರ್ ಎನ್ನುವ ಸದ್ದು. ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋವನ್ನು ಅಡ್ಡ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಆ ಸದ್ದು ತಗ್ಗುತ್ತದೆಂದು ಇವರು ಕಂಡುಕೊಂಡರು. ಸರಿ, ರಿಪೇರಿ ಬಿಟ್ಟು ರೇಡಿಯೋ ತಿರುಗಿಸುತ್ತ ಬೀದಿ ಬೀದಿ ಅಲೆದರು. ಮೂರು ಸಂಜೆ ಅಲೆದ ಮೇಲೆ ಸದ್ದಿನ ಮೂಲ ಸಿಕ್ಕಿತು: ಮಾವನ ಅಂಗಡಿಯ ಹೆಸರು ಹಲಗೆಯ ದೀಪ. ಬೀದಿಯವರು ‘ಏನಾಯ್ತಪ್ಪಾ’ ಅಂದಾಗ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸದ್ದು ಹೋಗಲೆಂದು ರೇಡಿಯೋ ರಿಪೇರಿಗೆ ತಂದುಕೊಡುತ್ತಿದ್ದ ಗಿರಾಕಿಗಳೇ ಅವರೆಲ್ಲ. ಮಾವ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಇವರನ್ನೇ ಬಿಟ್ಟರು.

ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ, ಒಂದು ಭಾನುವಾರ ಊಟಕ್ಕೆ ಕರೆದಾಗ. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಹಡಿಯ ಮನೆ, ಹಲಗೆಯ ನೆಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಬಾಗಿಲಿನಿಂದ ಅಡುಗೆಮನೆಯವರೆಗೆ ನೆಲದ ಬಣ್ಣ ಒಂದೇ ಗೆರೆಯಲ್ಲಿ ಸವೆದು ಹೋಗಿತ್ತು. ಅಣ್ಣನ ಹಾದಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಲೋಕದ ದಿಕ್ಕೆಲ್ಲ ಇವರಿಗೆ ಗೊತ್ತು,” ಅಂದರು ಅತ್ತಿಗೆ. “ಬೆಳಿಗ್ಗೆ ಎದ್ರೆ ಇವರ ಚಪ್ಪಲಿ ಯಾವ ದಿಕ್ಕಲ್ಲಿದೆ ಅಂತ ನಾನು ಹೇಳ್ಬೇಕು.”

“ಅದನ್ನ ನೀನು ಒದ್ದು ಒಳಗೆ ತಳ್ಳಿರ್ತೀಯ.”

“ನಾನ್ಯಾಕೆ ತಳ್ಳಲಿ? ನೀವೇ ನಡೀತಾ ನಡೀತಾ ಎಲ್ಲೋ ಬಿಟ್ಟಿರ್ತೀರ. ನೋಡಪ್ಪಾ, ಇವರು ಓಡಾಡಿದ್ರೆ ಹಲಗೆ ಅದುರುತ್ತೆ, ಸೂಜಿ ಎಗರುತ್ತೆ, ಹೊಲಿಗೆ ಸೊಟ್ಟ. ಅದಕ್ಕೇ ಈ ಮನೇಲಿ ಕಾನೂನು, ನಾನು ಹೊಲಿಗೆಗೆ ಕೂತ್ರೆ ಇವರೂ ಕೂರಬೇಕು. ಕೈಗೆ ಇದನ್ನ ಕೊಡ್ತೀನಿ.”

ಅವರು ತೋರಿಸಿದ್ದು ಒಂದು ತಗಡಿನ ಡಬ್ಬಿ. ತುಂಬ ಬಗೆಬಗೆಯ ಗುಂಡಿಗಳು. ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ ಆರಿಸಬೇಕು. ಅಣ್ಣ ಆರಿಸಿ ಮುಗಿಸಿದ ಮೇಲೆ ಅತ್ತಿಗೆ ಅವರಿಗೆ ಕಾಣದಂತೆ ಮತ್ತೆ ಕಲೆಸಿಡುತ್ತಾರೆ. ಅಣ್ಣನಿಗೆ ಅದು ಗೊತ್ತು. ಅವರಿಗೆ ಗೊತ್ತೆಂದು ಅತ್ತಿಗೆಗೂ ಗೊತ್ತು. ನಾನು ಹೊಟ್ಟೆ ತುಂಬ ನಕ್ಕು, ಊಟ ಮಾಡಿ, ಆ ಮಾತನ್ನು ಮರೆತು ಮನೆಗೆ ಹೋದೆ.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಬಂದರಿನ ಕೆಲಸ. ಸಮುದ್ರದಲ್ಲಿ ದೋಣಿ ಮಗುಚಿದರೆ, ಜೀವ ಉಳಿಸುವ ತೆಪ್ಪದಲ್ಲಿರುವ ಪುಟ್ಟ ಪೆಟ್ಟಿಗೆಯೊಂದು ರೇಡಿಯೋ ಅಲೆ ಕಳಿಸುತ್ತದೆ. ದಡದ ಮೂರು ಗೋಪುರಗಳ ಮೇಲೆ ನಮ್ಮ ಮೂರು ಯಂತ್ರ ಕೂತು ತಮ್ಮ ತಮ್ಮ ಜಾಗದಿಂದ ಅದರ ದಿಕ್ಕು ಹೇಳಬೇಕು. ಮೂರು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿಗೆ ರಕ್ಷಣಾ ದೋಣಿ ಹೊರಡುತ್ತದೆ. ಎರಡು ಯಂತ್ರ ಆಗಲೇ ಹೋಗಿ ಗೋಪುರ ಹತ್ತಿದ್ದವು. ಮೂರನೆಯದು ಹೋದ ಮೇಲೆ ವ್ಯವಸ್ಥೆ ಶುರು.

ಯಾವ ಯಂತ್ರಕ್ಕೂ ಹುಟ್ಟುದೋಷ ಇದ್ದೇ ಇರುತ್ತದೆ. ಯಾವ ದಿಕ್ಕಿಗೆ ಎಷ್ಟು ತಪ್ಪುತ್ತದೆಂದು ಮೊದಲೇ ಅಳೆದು, ಒಂದು ತಿದ್ದುಪಟ್ಟಿ ಮಾಡಿ, ಅದರ ಹೊಟ್ಟೆಗೇ ಹಾಕಿ ಕಳಿಸಬೇಕು. ಅಳೆಯುವುದು ಕಬ್ಬಿಣದ ಬಾಗಿಲಿನ ಹಿಂದಿನ ಕೋಣೆಯಲ್ಲಿ. ಗೋಡೆ, ಚಾವಣಿ, ನೆಲಕ್ಕೆಲ್ಲ ಕಪ್ಪು ಸ್ಪಂಜಿನ ಮೊನೆಗಳು, ಅಲೆ ಬಡಿದು ಹಿಂದೆ ಬರಬಾರದೆಂದು. ಒಳಗೆ ತಿರುಗುವ ಪೀಠದ ಮೇಲೆ ನಾಲ್ಕು ಆಂಟೆನಾ. ಅವುಗಳಿಂದ ನಾಲ್ಕು ಕೇಬಲ್ ಕಾರಿಡಾರಿನ ನೆಲದಡಿಯಲ್ಲಿ ಹಾದು ಈಚೆ ತುದಿಯ ಕೋಣೆಯ ಯಂತ್ರಕ್ಕೆ ಬರುತ್ತವೆ. ಪೀಠ ಒಂದೊಂದೇ ಡಿಗ್ರಿ ತಿರುಗುತ್ತ ಒಂದು ಸುತ್ತಿಗೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಮಾಡುವುದಕ್ಕೇನೂ ಇಲ್ಲ. ಮಾಡುವುದಕ್ಕೇನೂ ಇಲ್ಲದ ನಲವತ್ತು ನಿಮಿಷವೇ ಅಣ್ಣನ ನಡಿಗೆ. ಆ ತುದಿಗೆ ಹೋಗಿ ಬಾಗಿಲ ಮೇಲಿನ ಕೆಂಪು ದೀಪ ನೋಡುವುದು, ಈ ತುದಿಗೆ ಬಂದು ಪರದೆ ನೋಡುವುದು. ನೆಲಕ್ಕೆ ಎತ್ತಿ ತೆಗೆಯಬಹುದಾದ ಚೌಕ ಹಲಗೆಗಳು, ಬಾಗಿಲಿನಿಂದ ಒಂಬತ್ತನೆಯದು ಸಡಿಲ. ಅವರು ಅದರ ಮೇಲೆ ಕಾಲಿಟ್ಟಾಗಲೆಲ್ಲ ‘ಟಕ್’. ಗೋಡೆ ಗಡಿಯಾರದ ಸದ್ದಿನ ಹಾಗೆ ನಮಗೆಲ್ಲ ಅದು ಕೇಳಿಸಿಯೂ ಕೇಳಿಸುತ್ತಿರಲಿಲ್ಲ.

ಮೂರನೆಯ ಯಂತ್ರ ಕಾಟ ಕೊಡಲು ಶುರು ಮಾಡಿತು. ನುಣುಪಾಗಿ ಬಾಗಬೇಕಾದ ಗೆರೆಯಲ್ಲಿ ಅಲ್ಲಲ್ಲಿ ಉಬ್ಬುಗಳು. ಎರಡನೆಯ ಕೇಬಲ್ಲಿನ ಲೆಕ್ಕದಲ್ಲಿ ಏಳು ಡಿಗ್ರಿಯಷ್ಟು ಜಿಗಿತ. ಬೆಳಿಗ್ಗೆ ಬಂದೊಡನೆ ಕೇಬಲ್ ಅಳೆದರೆ ಸರಿ. ಪೀಠ ತಿರುಗಿಸಿದರೆ ಉಬ್ಬು. ಮತ್ತೆ ತಿರುಗಿಸಿದರೆ ಉಬ್ಬು ಬೇರೆ ಜಾಗದಲ್ಲಿ. ಮೊದಲೆರಡು ಯಂತ್ರಕ್ಕೂ ನಾಲ್ಕೈದು ಡಿಗ್ರಿಯ ಸಣ್ಣ ಉಬ್ಬುಗಳಿದ್ದವು. ಆಗ ಐದು ಸಲ ಅಳೆದು ಸರಾಸರಿ ತೆಗೆದಿದ್ದರು, ಗೆರೆ ಸುಮಾರಾಗಿ ನುಣುಪಾಗಿತ್ತು, ಅಣ್ಣ ಸಹಿ ಹಾಕಿದ್ದರು.

ಈ ಸಲ ಅವರು ಸರಾಸರಿಗೆ ಒಪ್ಪಲಿಲ್ಲ. ಕಾರಣ ಬೇಕು ಅಂದರು. ಶುರುವಾಯಿತು ನಮ್ಮ ಬೇಟೆ. ಕೇಬಲ್ ತುದಿಗಳನ್ನು ಬಿಚ್ಚಿ, ಒರೆಸಿ, ಅಳತೆಯ ಬಿಗಿಗೆ ಮತ್ತೆ ತಿರುಗಿಸಿದೆವು. ಏಸಿ ನಿಲ್ಲಿಸಿ ಬೆವರಿದೆವು. ಆಮೇಲೆ ಸಂಶಯ ನನ್ನ ಫೋನಿನ ಮೇಲೆ ಬಂತು, ಅದನ್ನು ಗೇಟಿನ ಕಾವಲುಗಾರನ ಹತ್ತಿರ ಇಟ್ಟೆ. ನನ್ನ ಬೆಲ್ಟಿನ ಕಬ್ಬಿಣದ ಕೊಕ್ಕೆಯ ಮೇಲೆ ಬಂತು, ಅದನ್ನೂ ಬಿಚ್ಚಿ ಒಂದು ದಿನವಿಡೀ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ವಿಜ್ಞಾನದ ಸೇವೆ ಮಾಡಿದೆ. ಉಬ್ಬು ಜಗ್ಗಲಿಲ್ಲ. ಅಣ್ಣನ ನಡಿಗೆ ಇನ್ನೂ ಬಿರುಸಾಯಿತು. ಹದಿನಾಲ್ಕು ಹೆಜ್ಜೆಯ ಕಾರಿಡಾರ್ ಹನ್ನೆರಡು ಹೆಜ್ಜೆಗೇ ಮುಗಿಯತೊಡಗಿತು. ಬಂದರಿನ ತಪಾಸಣಾಧಿಕಾರಿ ಬರುವುದಕ್ಕೆ ಇನ್ನು ಒಂದು ವಾರ.

“ಸರಾಸರಿ ತೆಗೀರಿ ಅಂದ್ರೆ ಕೇಳಲ್ಲ ನೀವು,” ಅಂದರು ನಮ್ಮ ಮುಖ್ಯಸ್ಥರು, ಬಾಗಿಲಿನಿಂದಲೇ.

“ಸುಳ್ಳನ್ನ ಐದು ಸಲ ಅಳೆದು ಐದರಿಂದ ಭಾಗಿಸಿದ್ರೆ ನಿಜ ಆಗುತ್ತಾ ಸಾರ್? ನುಣ್ಣಗಾಗುತ್ತೆ ಅಷ್ಟೆ.”

“ಹೋದ ಸಲ ಆಗಿತ್ತಲ್ಲ.”

ಅಣ್ಣ ತಿರುಗಿ ನಡೆದರು. ಟಕ್, ಅಂದಿತು ನೆಲ.

ಅದರ ಮರುದಿನ ಅವರು ದವಡೆಯ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದರು. ನಾನೊಬ್ಬನೇ ಪೀಠ ತಿರುಗಿಸಿ ಕೋಣೆಯಲ್ಲಿ ಕೂತೆ. ನಲವತ್ತು ನಿಮಿಷದ ಮೇಲೆ ಪರದೆ ನೋಡಿದರೆ, ಬಾಚಿದ ಕೂದಲಿನಂಥ ಗೆರೆ. ಒಂದು ಉಬ್ಬಿಲ್ಲ. ಇನ್ನೆರಡು ಸಲ ತಿರುಗಿಸಿದೆ, ಅದೇ ಗೆರೆ. ನನಗೆ ಏನೆನ್ನಿಸಿರಬೇಕು? ಕಾರಣ ಹುಡುಕಬೇಕು ಎಂದಲ್ಲ. ನನ್ನ ಕೈಗುಣ ಎಂದು. ಗ್ರಾಫನ್ನು ಅಚ್ಚು ಹಾಕಿ ಮುಖ್ಯಸ್ಥರಿಗೆ ತೋರಿಸಿದೆ, ಗೋಡೆಗೆ ಅಂಟಿಸಿದೆ, ಗೇಟಿನಿಂದ ಫೋನ್ ತಂದು ಅಣ್ಣನಿಗೂ ಹೇಳಿದೆ. ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದ ಅವರು ಏನೋ ಅಂದರು. ಶಭಾಷ್ ಅಂದರು ಎಂದೇ ತಿಳಿದು ಸಂತೋಷಪಟ್ಟೆ.

ಮಾರನೆಯ ದಿನ ಊದಿದ ಕೆನ್ನೆಯೊಂದಿಗೆ ಬಂದರು. ಪೀಠ ತಿರುಗಿತು, ಅವರು ನಡೆದರು, ಉಬ್ಬು ಬಂತು. ಗೋಡೆಯ ಮೇಲಿನ ನನ್ನ ಗೆರೆಯನ್ನು ಬಹಳ ಹೊತ್ತು ನೋಡಿದರು. ನಡೆಯದೆ ಅಷ್ಟು ಹೊತ್ತು ನಿಂತಿದ್ದನ್ನು ನಾನು ಮೊದಲ ಸಲ ಕಂಡೆ.

“ನಿನ್ನೆ ತುದಿಗಳನ್ನ ಬಿಗಿ ಮಾಡಿದ್ದು ನೀನಲ್ವಾ?”

“ಹೌದಣ್ಣ.”

“ಇವತ್ತು ನಾನು.” ತಮ್ಮ ಎರಡು ಕೈಗಳನ್ನು ಮುಂದೆ ತಂದು ಅಂಗೈ ತಿರುಗಿಸಿ ನೋಡಿಕೊಂಡರು. “ಕೈ ಹೋಯ್ತು ಅನ್ಸುತ್ತಪ್ಪ ನಂದು. ಇನ್ಮೇಲೆ ನೀನೇ ಮಾಡು.”

ಅವತ್ತು ಮಧ್ಯಾಹ್ನ ನಾನೇ ಬಿಗಿ ಮಾಡಿದೆ. ಅವರು ಹೊರಗೆ ನಡೆದರು. ನಾನು ಪರದೆಯ ಮುಂದೆ ಹೆಮ್ಮೆಯಿಂದ ಕೂತೆ. ಟಕ್. ಗೆರೆ ಎಗರಿತು. ಸುಮ್ಮನಾಯಿತು. ಟಕ್. ಮತ್ತೆ ಎಗರಿತು. ಮೂರನೆಯ ಸಲಕ್ಕೆ ಅತ್ತಿಗೆಯ ಸೂಜಿ ಕಣ್ಣಿಗೆ ಕಟ್ಟಿತು. ನಿನ್ನೆ ಇಲ್ಲಿ ಇಲ್ಲದೇ ಇದ್ದದ್ದು ಅಣ್ಣನ ಕೈಯಲ್ಲ, ಕಾಲು.

ಅವರು ಊಟದ ಡಬ್ಬಿ ತೊಳೆಯಲು ಹೋದಾಗ ಒಂಬತ್ತನೆಯ ಹಲಗೆ ಎತ್ತಿದೆ. ಮೂಲೆಯ ತಿರುಪು ಯಾವಾಗಲೋ ಬಿದ್ದುಹೋಗಿತ್ತು. ಎರಡನೆಯ ಕೇಬಲ್ ತನ್ನ ಕೊಕ್ಕೆಯಿಂದ ಜಾರಿ ಹಲಗೆಯ ಅಂಚಿನಡಿಗೆ ಬಂದು, ಒಂದು ಕಡೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕಾಲಿಟ್ಟರೆ ಹಲಗೆ ಬಗ್ಗಿ ಕೇಬಲ್ಲನ್ನು ಒತ್ತುತ್ತದೆ, ಏಳು ಕೂದಲಷ್ಟು. ಕಾಲು ತೆಗೆದರೆ ಬಿಡುತ್ತದೆ.

ಹೇಳುವುದು ಹೇಗೆ? ಮೂರು ಗಂಟೆ ನಾನೂ ಆ ಕೋಣೆಯಲ್ಲಿ ಕೂತಲ್ಲಿ ಕೂರಲಾರದೆ ಒದ್ದಾಡಿದೆ. ಎರಡು ಸಲ ಬಾಯಿ ತೆರೆದು, ಎರಡು ಸಲವೂ “ಹಲ್ಲು ನೋವು ಹೇಗಿದೆ ಅಣ್ಣ” ಎಂದು ಕೇಳಿದೆ. ಕೊನೆಗೆ ಅಂದೆ, “ಅಣ್ಣ, ನೀವು ಸ್ವಲ್ಪ ಪರದೆ ಮುಂದೆ ಕೂತ್ಕೊಳ್ಳಿ. ನಾನು ನಡೀತೀನಿ.”

“ಯಾಕೆ, ನಿಜವಾಗ್ಲೂ ಶುಗರ್ ಬಂತಾ?”

“ಕೂತ್ಕೊಳ್ಳಿ, ಹೇಳ್ತೀನಿ.”

ಅವರು ಕೂತರು. ನಾನು ಕೈ ಬೆನ್ನಿಗೆ ಕಟ್ಟಿಕೊಂಡು ಅವರ ಹಾದಿಯಲ್ಲೇ ನಡೆದೆ. ಟಕ್. ಹೋಗಿ ತಿರುಗಿ ಬಂದೆ. ಟಕ್. ಒಳಕ್ಕೆ ಇಣುಕಿ ನಿಂತೆ.

“ಇನ್ನೊಂದ್ಸಲ,” ಅಂದರು.

ಟಕ್.

“ನಂದು ಏಳು ಬರುತ್ತೆ. ನಿಂದು ಎಂಟೂವರೆ ಬರ್ತಿದೆ. ಊಟ ಕಡಿಮೆ ಮಾಡು.”

ತಮಾಷೆ ಅಲ್ಲಿಗೇ ನಿಂತಿತು. ಕುರ್ಚಿಯಲ್ಲಿ ಕೂತೇ ಇದ್ದರು, ಮೊಣಕಾಲು ಮಾತ್ರ ತಾನಾಗಿ ಕುಣಿಯುತ್ತಿತ್ತು. ಅದನ್ನು ಕೈಯಿಂದ ಒತ್ತಿ ಹಿಡಿದು ಅಂದರು, “ಇಪ್ಪತ್ತೇಳು ವರ್ಷ. ಮನೇಲಿ ಅವಳು ಸೂಜಿಗೆ ಕಾನೂನು ಮಾಡಿದ್ಲು. ನಾನು ಇಲ್ಲಿ ಮಾಡ್ಲಿಲ್ಲ.”

ರಿಪೇರಿಗೆ ಹಿಡಿದದ್ದು ಹತ್ತೇ ನಿಮಿಷ. ಉಜ್ಜಿಹೋದ ಕೇಬಲ್ ಬದಲಿಸಿ ಕೊಕ್ಕೆಗೆ ಸಿಕ್ಕಿಸಿದೆವು, ಹಲಗೆಗೆ ಹೊಸ ತಿರುಪು ಹಾಕಿದೆವು. ಮೂರನೆಯ ಯಂತ್ರ ಗೆದ್ದಿತು. ಆದರೆ ಗೋಪುರ ಹತ್ತಿದ ಎರಡು ಯಂತ್ರ? ಹಲಗೆ ಒತ್ತುವುದು ಯಾವಾಗಲೂ ಒಂದೇ ಕಡೆಗೆ. ಒಂದು ಸಲ ಮೇಲೆ, ಒಂದು ಸಲ ಕೆಳಗೆ ತಪ್ಪಿದ್ದರೆ ಸರಾಸರಿಯಲ್ಲಿ ಹೋಗುತ್ತಿತ್ತು. ಎಲ್ಲ ತಪ್ಪೂ ಒಂದೇ ಕಡೆಗಿದ್ದರೆ ಅದು ಪಟ್ಟಿಯೊಳಗೆ ಸೇರಿಕೊಂಡು ಕೂರುತ್ತದೆ. ಎಷ್ಟು ಸೇರಿದೆ? ಒಂದು ಡಿಗ್ರಿ ಇರಬಹುದು, ನಾಲ್ಕೂ ಇರಬಹುದು. ಯಾವ ನಿಮಿಷದಲ್ಲಿ ಯಾರ ಕಾಲು ಎಲ್ಲಿತ್ತು ಎಂದು ಯಾರು ಬರೆದಿಟ್ಟಿದ್ದರು? ಅಣ್ಣ ಹಳೆಯ ರಟ್ಟಿನ ತುಂಡಿನ ಮೇಲೆ ಲೆಕ್ಕ ಹಾಕಿದರು. ಫೇಸಿನಲ್ಲಿ ನಾಲ್ಕು ಡಿಗ್ರಿ ತಪ್ಪಿದರೆ ದಿಕ್ಕಿನಲ್ಲಿ ಒಂದೂಕಾಲು. ಹದಿನೈದು ಕಿಲೋಮೀಟರ್ ಆಚೆ ಅದು ಮುನ್ನೂರು ಮೀಟರಿಗೂ ಮೀರಿ. ಅಲೆ ಎದ್ದ ಸಮುದ್ರದಲ್ಲಿ ಮುನ್ನೂರು ಮೀಟರ್ ದೂರದ ತಲೆ ದೋಣಿಯವರಿಗೆ ಕಾಣುವುದಿಲ್ಲ.

ತಪಾಸಣೆಯ ಹಿಂದಿನ ದಿನ ಮುಖ್ಯಸ್ಥರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು.

“ಆ ಎರಡು ತಪ್ಪು ಅಂತ ಗ್ಯಾರಂಟಿ ಇದ್ಯಾ?”

“ಸರಿ ಅಂತಾನೂ ಗ್ಯಾರಂಟಿ ಇಲ್ಲ ಸಾರ್.”

“ಹಾಗಾದ್ರೆ ಸುಮ್ನಿರಿ. ಅವತ್ತು ಗಾಳಿಯಲ್ಲಿ ತೇವ ಇತ್ತು ಅಂತ ಬರೆದ್ರೆ ಯಾರೂ ಕೇಳಲ್ಲ. ಗೋಪುರದಿಂದ ಇಳಿಸ್ಬೇಕು ಅಂದ್ರೆ ಯಾರ ತಪ್ಪು ಅಂತ ಬರೀಬೇಕಾಗುತ್ತೆ. ನಿಮ್ಮ ಸಹಿಯ ಅಧಿಕಾರ ತೆಗೀತಾರೆ, ನನ್ ಕೈಲಿಲ್ಲ ಅದು. ರಿಟೈರ್ ಆಗೋಕಿರೋ ಎರಡು ವರ್ಷ ಸ್ಟೋರಿನಲ್ಲಿ ತಿರುಪು ಎಣಿಸ್ತಾ ಕೂರ್ತೀರಾ?”

“ಎಣಿಸೋದು ಪರವಾಗಿಲ್ಲ,” ಅಂದರು ಅಣ್ಣ. “ಕೂರೋದೇ ಕಷ್ಟ.”

ಮುಖ್ಯಸ್ಥರು ನಗಲಿಲ್ಲ. ಅಣ್ಣನೂ ನಗಲಿಲ್ಲ. ಯೋಚನೆ ಮಾಡುತ್ತೇನೆ ಎಂದು ಹೇಳಿ ಹೊರಗೆ ಬಂದರು.

ಸಂಜೆ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆ. ಎರಡನೆಯ ಯಂತ್ರ ಅಳೆಯುತ್ತಿದ್ದದ್ದು ಸರಿಯಾಗಿ ನಾನು ಸಕ್ಕರೆ ಕಾಯಿಲೆಗೆ ಉಪಚಾರ ಮಾಡುತ್ತಿದ್ದ ವಾರದಲ್ಲೇ. ಮನುಷ್ಯ ಇಂಥ ಹೊತ್ತಿನಲ್ಲಿ ಸಮುದ್ರದಲ್ಲಿ ಬಿದ್ದವರನ್ನು ನೆನೆಯಬೇಕು. ನಾನು ನನ್ನ ಕಾಯಂ ಆಗದ ಕೆಲಸವನ್ನು ನೆನೆಯುತ್ತಿದ್ದೆ.

“ಅಣ್ಣ, ಅದರಲ್ಲಿ ನನ್ನ ಎಂಟು ದಿನಾನೂ ಸೇರುತ್ತಾ?”

“ನಿನ್ ತೂಕ ಎಷ್ಟು?”

“ಎಪ್ಪತ್ತೆಂಟು.”

“ಹಾಗಾದ್ರೆ ಸೇರುತ್ತೆ.”

“ಹೇಳಿಬಿಡ್ತೀರಾ ಬಂದರಿನವರಿಗೆ?”

“ಅದು ಗೊತ್ತಿದ್ದಿದ್ರೆ ಬಸ್ಸಲ್ಲಿ ಕೂತ್ಕೊಂಡು ಹೋಗ್ತಿದ್ದೆ,” ಅಂದು, ಬಂದು ನಿಂತ ಬಸ್ಸನ್ನು ಬಿಟ್ಟು, ಆರು ಕಿಲೋಮೀಟರ್ ದೂರದ ಮನೆಗೆ ನಡೆದೇ ಹೋದರು.

ಮರುದಿನ ಬೆಳಿಗ್ಗೆ ಅತ್ತಿಗೆಯ ಫೋನು. “ಆಫೀಸಲ್ಲಿ ಏನಾಯ್ತು ಅಂತ ಹೇಳಿದ್ರು. ಅವರು ಬಾಯಿ ಬಿಡೋದು ಬಿಡದೇ ಇರೋದು ಅವರಿಷ್ಟ, ನಾನು ನಡುವೆ ಬರಲ್ಲ. ಆದ್ರೆ ನಿನ್ನೆ ಸಂಜೆಯಿಂದ ನಮ್ಮನೆ ಹಲಗೆ ಸುಮ್ನಾಗಿಲ್ಲ ಕಣಪ್ಪಾ. ಗಿರಾಕಿಯ ಕೋಟಿನ ಕಾಲರ್ ಎರಡು ಸಲ ಬಿಚ್ಚಿ ಹೊಲಿದೆ. ಇವತ್ತು ಗುಂಡಿ ಡಬ್ಬಿ ಅವರ ಚೀಲದಲ್ಲೇ ಇಟ್ಟಿದ್ದೀನಿ. ಅಳತೆ ಹೊತ್ತಲ್ಲಿ ಕೈಗೆ ಕೊಡು.”

ತಪಾಸಣಾಧಿಕಾರಿ ಬಂದದ್ದು ಅವತ್ತೇ, ಗುರುವಾರ ಹತ್ತು ಗಂಟೆಗೆ. ಬಿಸಿಲಿಗೆ ಕಪ್ಪಾದ ಮುಖದ, ಕಡಿಮೆ ಮಾತಿನ ಹೆಂಗಸು. ಮೊದಲು ರಕ್ಷಣಾ ದೋಣಿಯನ್ನೇ ಓಡಿಸುತ್ತಿದ್ದವರಂತೆ. ಕಾರಿಡಾರಿನಲ್ಲಿ ಬರುವಾಗ ಒಂಬತ್ತನೆಯ ಹಲಗೆಯ ಮೇಲೆ ಅವರ ಬೂಟುಕಾಲು ಬಿತ್ತು. ಸದ್ದಿಲ್ಲ. ಆ ಮೌನಕ್ಕೆ ಬೆಚ್ಚಿದವನು ನಾನೊಬ್ಬನೇ ಇರಬೇಕು.

ಪೀಠ ತಿರುಗತೊಡಗಿತು. ಈಗ ಕೇಬಲ್ ಭದ್ರ, ಯಾರು ನಡೆದರೂ ಏನೂ ಆಗುತ್ತಿರಲಿಲ್ಲ. ಆದರೂ ಅಣ್ಣ ಕೂತರು. ನಾನು ಮೇಜಿನ ಕೆಳಗಿನಿಂದ ಡಬ್ಬಿ ಕೊಟ್ಟೆ. ನಲವತ್ತು ನಿಮಿಷ ಆ ಕೋಣೆಯಲ್ಲಿ ಕೇಳಿಸಿದ್ದು ಫ್ಯಾನಿನ ಸದ್ದು ಮತ್ತು ಮೇಜಿನಡಿಯಲ್ಲಿ ಗುಂಡಿಗಳ ಚಿಟಿಚಿಟಿ. ಎರಡು ತೂತು ಎಡಕ್ಕೆ, ನಾಲ್ಕು ತೂತು ಬಲಕ್ಕೆ. ಅವರ ಹಣೆಯಲ್ಲಿ ಬೆವರು. ಮುಖ್ಯಸ್ಥರು ಅವರ ಮುಖವನ್ನೇ ನೋಡುತ್ತಿದ್ದರು, ನಾನು ಮುಖ್ಯಸ್ಥರ ಮುಖವನ್ನು. ಗೆರೆ ಒಂದು ಕಡೆಯೂ ಅಲುಗದೆ ಪರದೆಯ ಆ ಅಂಚಿನಿಂದ ಈ ಅಂಚಿಗೆ ಬಂತು.

“ಚೆನ್ನಾಗಿದೆ,” ಅಂದರು ಅಧಿಕಾರಿ. ಮುಖ್ಯಸ್ಥರು ಕಾಗದ ಮುಂದಕ್ಕೆ ತಳ್ಳಿ ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟರು. ಆಕೆ ಪೆನ್ನು ಹಿಡಿದುಕೊಂಡು, ಸಹಿ ಹಾಕದೆ, ತಮ್ಮ ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಮೊದಲೆರಡು ಯಂತ್ರಗಳ ಗ್ರಾಫು.

“ಇವು ಇಷ್ಟು ನುಣ್ಣಗಿಲ್ಲ.”

“ಅದು ಮೇಡಂ, ಆಗ ಹವೆ ಬೇರೆ ಇತ್ತು,” ಮುಖ್ಯಸ್ಥರು ಶುರು ಮಾಡಿದರು. “ಗಾಳಿಯಲ್ಲಿ ತೇವ ಜಾಸ್ತಿಯಾದ್ರೆ ಸ್ವಲ್ಪ...”

“ಸಮುದ್ರದಲ್ಲೂ ತೇವ ಇರುತ್ತೆ.” ಆಕೆ ಅಣ್ಣನ ಕಡೆ ತಿರುಗಿದರು. “ಇದ್ರ ಮೇಲೂ ನಿಮ್ದೇ ಸಹಿ. ನೀವು ಹೇಳಿ. ಇವನ್ನ ಅಳೆಯೋವಾಗ ನೀವಿಲ್ಲಿ ಏನ್ ಮಾಡ್ತಿದ್ರಿ?”

ಮುಖ್ಯಸ್ಥರು ಕೆಮ್ಮಿದರು. ನಾನು ನನ್ನ ಎಪ್ಪತ್ತೆಂಟು ಕಿಲೋವನ್ನು ಉಸಿರು ಹಿಡಿದು ಆದಷ್ಟು ಸಣ್ಣದು ಮಾಡಿಕೊಂಡೆ. ಗುಂಡಿಗಳ ಸದ್ದು ನಿಂತಿತು. ಅಣ್ಣ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ಹಾಕಿ, ಎದ್ದು ನಿಂತರು.

“ಓಡಾಡ್ತಿದ್ದೆ. ಎರಡನ್ನೂ ಇಳಿಸಿ ಕಳಿಸಿ.”